ಟ್ರಸ್ಟ್ ಎಂಬ ಪದವೂ ನನ್ನ ಕಾಯಂ ನೌಕರಿಯೂ

ಇತಿಹಾಸದ ಅಧ್ಯಾಪಕರಾಗಿ ಹೊಸದಾಗಿ ಕಾಲೇಜು ಸೇರುವ ತರುಣ ತರುಣಿಯರು ಈಗಲೂ ಒಮ್ಮೊಮ್ಮೆ ಮನೆಗೆ ಬಂದು, ಈ ವೃತ್ತಿಗೆ ಮುಖ್ಯವಾಗಿ ಏನು ಬೇಕು ಎಂದು ಕೇಳುತ್ತಾರೆ. ವಿದ್ವತ್ತು ಎಂದೋ ತಾಳ್ಮೆ ಎಂದೋ ನಾನು ಹೇಳುತ್ತೇನೆಂದು ಅವರ ನಿರೀಕ್ಷೆ. ನಾನು ಹೇಳುವುದು ಇಷ್ಟೇ: ನಾಳೆಯ ಪಾಠದಲ್ಲಿ ಬರುವ ಪದಗಳು ನಿಮ್ಮ ಆಡಳಿತ ಮಂಡಳಿಯವರ ಕಿವಿಗೆ ಹೇಗೆ ಕೇಳಿಸುತ್ತವೆ ಎಂಬುದನ್ನು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಅವರು ನಗುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ನಾನು ನಗುವುದಿಲ್ಲ. ಒಂದು ಪದದ ದೆಸೆಯಿಂದ ನಾನು ನೌಕರಿಯನ್ನೂ ಸಂಸಾರವನ್ನೂ ಒಟ್ಟಿಗೇ ಕಳೆದುಕೊಳ್ಳುವುದರಲ್ಲಿದ್ದೆ.

ನಾನು ಧಾರವಾಡದಲ್ಲಿ ಓದಿದ್ದು ಚಾಲುಕ್ಯರನ್ನು. ಶಾಸನಗಳೆಂದರೆ ಪ್ರಾಣ. ಅರವತ್ತರ ದಶಕದ ಕೊನೆಯಲ್ಲಿ ಮುಂಬಯಿಗೆ ಬಂದು, ವಡಾಲದ ಕಡೆಯ ಒಂದು ಕಾಲೇಜಿನಲ್ಲಿ ಸಂದರ್ಶನಕ್ಕೆ ಕೂತಾಗ ಎದುರಿಗಿದ್ದವರು ಪ್ರಿನ್ಸಿಪಾಲ್ ಶೆಣೈ. ದಕ್ಷಿಣ ಕನ್ನಡದವರು, ಬಿಳಿ ಷರಟು, ಬಿಳಿ ಪ್ಯಾಂಟು. ಮುಖದ ಮೇಲೆ ಸದಾ ಈಗಷ್ಟೇ ಏನನ್ನೋ ಮರೆತುಬಂದವರ ಕಳವಳ.

"ಚಾಲುಕ್ಯರು ಇಲ್ಲಿ ಸಿಲೆಬಸ್ಸಿನಲ್ಲಿ ಇಲ್ಲ ಮಾರಾಯ್ರೆ. ಅಮೆರಿಕ ಉಂಟು. ಆಗ್ತದಾ?"

"ಅಮೆರಿಕಾ ನಾನು ನೋಡಿಲ್ರೀ ಸರ್."

"ಚಾಲುಕ್ಯರನ್ನು ನೋಡಿದ್ದೀರಾ?"

ಹೀಗೆ ನಾನು ಅಮೆರಿಕದ ಇತಿಹಾಸದ ಅಧ್ಯಾಪಕನಾದೆ. ಅದರಲ್ಲೂ ನನ್ನ ಪಾಲಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ: ರೈಲು, ಉಕ್ಕು, ಎಣ್ಣೆ, ಕೋಟ್ಯಧೀಶರು, ಮುಷ್ಕರ. ಆ ಭಾಗವನ್ನು ಪಾಠ ಮಾಡುತ್ತಿದ್ದವರು ಬ್ಯಾಂಕಿನ ಕೆಲಸ ಸಿಕ್ಕಿ ಹೊರಟುಹೋಗಿದ್ದರು. ಕೋಟ್ಯಧೀಶರ ಬಗ್ಗೆ ಪಾಠ ಹೇಳಿ ಹೇಳಿ ಅವರಿಗೆ ಬುದ್ಧಿ ಬಂದಿತ್ತೆಂದು ಸ್ಟಾಫ್ ರೂಮಿನ ಅಭಿಪ್ರಾಯ.

ನಮ್ಮದು ಬೆಳಗಿನ ಕಾಲೇಜು. ತರಗತಿ ಮುಗಿದ ಕೂಡಲೇ ಅರ್ಧ ಹುಡುಗರು ಕೆಲಸಕ್ಕೆ ಓಡುವವರು: ಒಬ್ಬ ಮಾಟುಂಗದ ಹೋಟೆಲಿನ ಗಲ್ಲಾಕ್ಕೆ, ಒಬ್ಬ ಮಿಲ್ಲಿನ ಆಫೀಸಿಗೆ, ಒಬ್ಬಳು ಟೆಲಿಫೋನ್ ಎಕ್ಸ್‌ಚೇಂಜಿಗೆ. ಪಾಠ ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು ನಿಯಮ. ಆದರೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬಿಡಿಸಿ, ಹಿಂದಿಯಲ್ಲಿ ಒತ್ತಿ, ಮರಾಠಿಯಲ್ಲಿ ಮುದ್ರೆ ಹಾಕದಿದ್ದರೆ ಯಾರ ತಲೆಗೂ ಹೋಗುತ್ತಿರಲಿಲ್ಲ. ಸಲಕರಣೆಯೆಂದರೆ ಗೋಡೆಯ ಮೇಲೊಂದು ಜಗತ್ತಿನ ನಕ್ಷೆ. ಮಡಿಸಿ ಮಡಿಸಿ ಅದು ಮಡಿಕೆಯಲ್ಲೇ ಹರಿದಿತ್ತು, ಮತ್ತು ಹರಿದ ಜಾಗದಲ್ಲಿ ಸರಿಯಾಗಿ ಷಿಕಾಗೋ ನಗರವಿತ್ತು. ಅಮೆರಿಕದ ಕಾರ್ಮಿಕ ಚರಿತ್ರೆಯನ್ನು ಷಿಕಾಗೋ ಇಲ್ಲದೆ ಕಲಿಸಿದ ಕೀರ್ತಿ ನನ್ನದು. "ಇಲ್ಲೊಂದು ತೂತು ಕಾಣ್ತದಲ್ಲ, ಅದರಾಗ ಗಲಾಟೆ ಆತು" ಎಂದು ನಾನು ಬೆರಳಿಟ್ಟು ತೋರಿಸಿದರೆ ಹುಡುಗರು ಭಯಭಕ್ತಿಯಿಂದ ಆ ತೂತನ್ನು ನೋಡುತ್ತಿದ್ದರು.

ನಕ್ಷೆ ಕೈಕೊಟ್ಟಿದ್ದರಿಂದ ನಾನು ಮುಂಬಯಿಯನ್ನೇ ನಕ್ಷೆ ಮಾಡಿಕೊಂಡೆ. ನ್ಯೂಯಾರ್ಕಿನ ಬಡವರ ಕಟ್ಟಡ ಎಂದರೆ ಅರ್ಥವಾಗದವರಿಗೆ ಚಾಳು ಎಂದರೆ ಸಾಕು. ಊರಿನ ರಾಜಕೀಯವನ್ನು ಜೇಬಿನಲ್ಲಿಟ್ಟುಕೊಂಡಿದ್ದ 'ಬಾಸ್' ಯಾರೆಂದರೆ ಗಲ್ಲಿಯ ದಾದಾ, ವ್ಯತ್ಯಾಸ ಟೋಪಿಯದು ಮಾತ್ರ. ಎಣ್ಣೆ ದೊರೆ ಮಾರುತ್ತಿದ್ದದ್ದು ಯಾವ ಎಣ್ಣೆ, ಶೇಂಗಾದ್ದೋ ಕೊಬ್ಬರಿಯದೋ ಎಂದು ಮೊದಲ ವರ್ಷ ಒಬ್ಬ ಕೇಳಿದ. "ಘಾಸ್ಲೇಟ್" ಎಂದೆ. ರೇಷನ್ ಅಂಗಡಿಯ ಮುಂದೆ ಡಬ್ಬಿ ಹಿಡಿದು ಸೀಮೆಎಣ್ಣೆಗೆ ನಿಂತು ರೂಢಿಯಾದ ಇಡೀ ತರಗತಿ ಒಂದೇ ಉಸಿರಿಗೆ "ಹಾಂ!" ಎಂದಿತು. ಘಾಸ್ಲೇಟ್ ಕೈಯಲ್ಲಿರುವವನು ದೊರೆಯಾಗದೆ ಇನ್ನಾರು ಆಗಬೇಕು?

ಈ ವಿಧಾನಕ್ಕೆ ಅಪಾಯಗಳೂ ಇದ್ದವು. ಆ ಕಾಲಕ್ಕೆ 'ಗಿಲ್ಡೆಡ್ ಏಜ್' ಎಂದು ಹೆಸರು. ಮೇಲೆ ಚಿನ್ನದ ಲೇಪ, ಒಳಗೆ ಬೇರೆ ಲೋಹ ಎಂದು ನಾನು ಉಪಮೆ ರೂಪಕಗಳ ಸಮೇತ ವಿವರಿಸುತ್ತಿರಲು, ಆಂಟಾಪ್ ಹಿಲ್‌ನಿಂದ ಬರುತ್ತಿದ್ದ ವತ್ಸಲಾ ಕೈಯೆತ್ತಿದಳು.

"ಸರ್, ಮತಲಬ್... ರೋಲ್ಡ್ ಗೋಲ್ಡ್?"

"ಅದೇ ನೋಡವಾ!" ಎಂದೆ ಸಂತೋಷದಲ್ಲಿ. ಅದೇ ನನ್ನ ತಪ್ಪು. ಆ ವರ್ಷ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ನಮ್ಮ ಹುಡುಗರು ಒಬ್ಬರೂ ಬಿಡದೆ 'ದಿ ರೋಲ್ಡ್ ಗೋಲ್ಡ್ ಏಜ್ ಆಫ್ ಅಮೆರಿಕಾ' ಎಂದು ಬರೆದರು. ಪರೀಕ್ಷಕರ ಸಭೆಯಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ಕನ್ನಡಕದ ಮೇಲಿಂದ ನೋಡುತ್ತ, ಇದು ಯಾವ ಕಾಲೇಜಿನ ಸಂಶೋಧನೆ ಎಂದು ಕೇಳಿದಾಗ ನಾನು ಫ್ಯಾನು ತಿರುಗುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದೆ.

ಇನ್ನೊಂದು, ಪೂಲಿನ ಪ್ರಕರಣ. ಅಮೆರಿಕದ ರೈಲು ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಸರಕನ್ನು ಹಂಚಿಕೊಂಡು, ಬಾಡಿಗೆ ಇಳಿಯದಂತೆ ನೋಡಿಕೊಳ್ಳುತ್ತಿದ್ದವು. ಆ ಒಪ್ಪಂದಕ್ಕೆ 'ಪೂಲ್' ಎನ್ನುತ್ತಿದ್ದರು. ಆದರೆ ಮುಂಬಯಿಯಲ್ಲಿ ಹಳಿ ದಾಟುವ ಸೇತುವೆಗೆ ಪೂಲ್ ಎಂದು ಹೆಸರು. ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಸದಾನಂದ ಬರೆದ: ರೈಲು ಕಂಪನಿಗಳು ಸೇರಿ ಎಲ್ಲೆಲ್ಲೂ ಪೂಲ್ ಕಟ್ಟಿದವು, ರೈತರು ಗಂಟುಮೂಟೆ ಹೊತ್ತು ಹತ್ತಿ ಇಳಿಯಬೇಕಾಯಿತು, ಆದ್ದರಿಂದ ದಂಗೆಯೆದ್ದರು. ಕರೆದು ಕೇಳಿದೆ.

"ಸದಾನಂದ, ಸೇತುವೆ ಕಟ್ಟಿದ್ದಕ್ಕ ಯಾರಾದ್ರೂ ದಂಗೆ ಏಳ್ತಾರೇನೋ?"

"ನೀವು ಸಂಜೆ ದಾದರಿನ ಪೂಲ್ ಹತ್ತಿದ್ದೀರಾ ಸರ್?" ಎಂದ ಅವನು, ಬಹಳ ವಿನಯದಿಂದ. "ಹತ್ತಿದವರಿಗೆ ಸಿಟ್ಟು ಬರ್ತದೆ ಸರ್. ಖಂಡಿತ ಬರ್ತದೆ."

ನಾನು ಹತ್ತಿದ್ದೆ. ಕಾರಣ ತಪ್ಪಾದರೂ ಸಿಟ್ಟು ಸರಿಯಿತ್ತೆಂದು ಅವನಿಗೆ ಅರ್ಧ ಅಂಕ ಕೊಟ್ಟೆ.

ಇವೆಲ್ಲ ಸಣ್ಣ ಗಾಯಗಳು. ದೊಡ್ಡದು ಬಂದದ್ದು ಇನ್ನೊಂದು ಪದದಿಂದ. ಅದನ್ನು ಹೇಳುವ ಮೊದಲು ನನ್ನ ಅಂದಿನ ಸ್ಥಿತಿಯನ್ನು ಹೇಳಬೇಕು.

ನನಗೆ ಮದುವೆಯಾಗಿತ್ತು. ಹೆಂಡತಿ ಸುಧಾ ಧಾರವಾಡದ ತವರಿನಲ್ಲಿದ್ದಳು, ನಾನು ಮಾಟುಂಗದಲ್ಲಿ ಬ್ರಹ್ಮಚಾರಿಗಳ ಖೋಲಿಯೊಂದರಲ್ಲಿ ಬಾಗಿಲ ಪಕ್ಕದ ಚಾಪೆಯ ಮೇಲಿದ್ದೆ. ಕಾಯಂ ಆದ ಅಧ್ಯಾಪಕರಿಗೆ ಕಾಲೇಜಿನವರು ತಮ್ಮ ಕಟ್ಟಡದಲ್ಲಿ ಒಂದು ಖೋಲಿ, ಒಂದು ಅಡುಗೆಮನೆ ಕೊಡುತ್ತಿದ್ದರು. ನಾನಿನ್ನೂ ಕಾಯಂ ಆಗಿರಲಿಲ್ಲ. ಮಾವ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು; ಕಾಯಂ ಎಂಬ ಪದವನ್ನು ಅವರಷ್ಟು ಭಕ್ತಿಯಿಂದ ಉಚ್ಚರಿಸಿದವರನ್ನು ನಾನು ಕಂಡಿಲ್ಲ. "ಕಾಯಂ ಆಗ್ಲಿ, ಕಳಸ್ತೀನಿ" ಎಂಬುದು ಅವರ ತೀರ್ಪು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಆ ವರ್ಷದ ಬೇಸಿಗೆ ರಜೆಗೆ ಮುಂಚೆ ಆಡಳಿತದವರ ಸಭೆ ಸೇರಿ ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ತೀರ್ಮಾನಿಸುವುದಿತ್ತು.

ಇಂಥ ಸೂಕ್ಷ್ಮ ಸಮಯದಲ್ಲಿ ನಾನು ನೋಟೀಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದೆ. ಎಣ್ಣೆ ದೊರೆಯೂ ಸಕ್ಕರೆ ದೊರೆಯೂ ಮಾಡಿಕೊಂಡ ಕಂಪನಿಗಳ ಒಕ್ಕೂಟಕ್ಕೆ ಅಮೆರಿಕದಲ್ಲಿ 'ಟ್ರಸ್ಟ್' ಎಂದು ಹೆಸರು. ಅದನ್ನು ಮುರಿಯಲು ನಡೆದ ಚಳವಳಿ 'ಆಂಟಿ-ಟ್ರಸ್ಟ್'. ಪರೀಕ್ಷೆಯಲ್ಲಿ ತಪ್ಪದೆ ಬರುವ ಪ್ರಶ್ನೆ. ಹುಡುಗರು ಚಕ್ಕರ್ ಹೊಡೆಯಬಾರದೆಂದು ದೊಡ್ಡ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಬರೆದೆ: "ಆಂಟಿ-ಟ್ರಸ್ಟ್ ಚಳವಳಿ. ಶುಕ್ರವಾರ ಬೆಳಿಗ್ಗೆ ಎಲ್ಲ ವಿದ್ಯಾರ್ಥಿಗಳೂ ಒಗ್ಗಟ್ಟಾಗಿ ಹಾಜರಿರತಕ್ಕದ್ದು. ಯಾವ ನೆಪವನ್ನೂ ಕೇಳಲಾಗುವುದಿಲ್ಲ." ಕೆಳಗೆ ನನ್ನ ಸಹಿ.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮುಂಬಯಿಯಲ್ಲಿ ಟ್ರಸ್ಟ್ ಎಂದರೆ ದೇವರಿಗೆ ಹತ್ತಿರದ ಪದ. ಗುಡಿಗೆ ಟ್ರಸ್ಟ್, ಧರ್ಮಶಾಲೆಗೆ ಟ್ರಸ್ಟ್, ಆಸ್ಪತ್ರೆಗೆ ಟ್ರಸ್ಟ್. ನಮ್ಮ ಕಾಲೇಜನ್ನು ನಡೆಸುತ್ತಿದ್ದದ್ದೂ ಒಂದು ಟ್ರಸ್ಟ್. ಅದರ ಅಧ್ಯಕ್ಷರು ಮಲ್ಲಪ್ಪ ಅಂಗಡಿ, ವಿಜಾಪುರದ ಕಡೆಯವರು, ಮಸೀದಿ ಬಂದರದಲ್ಲಿ ಬೇಳೆಕಾಳಿನ ದೊಡ್ಡ ವ್ಯಾಪಾರ. ಬಿಳಿ ಧೋತರ, ಕರಿ ಟೋಪಿ, ದೊಡ್ಡ ದನಿ. ಊರಲ್ಲಿ ದಿನಬೆಳಗಾದರೆ ಒಂದಲ್ಲ ಒಂದು ಮೋರ್ಚಾ ಹೊರಡುತ್ತಿದ್ದ ಕಾಲ. ಅವರು ಏನೋ ಕೆಲಸಕ್ಕೆ ಕಾಲೇಜಿಗೆ ಬಂದವರು ನೋಟೀಸ್ ಬೋರ್ಡಿನ ಮುಂದೆ ನಿಂತರಂತೆ, ಓದಿದರಂತೆ, ಮತ್ತೊಮ್ಮೆ ಓದಿದರಂತೆ.

ಪ್ರಿನ್ಸಿಪಾಲರು ನನ್ನನ್ನು ಕರೆಸಿದಾಗ ಅವರ ಬಿಳಿ ಷರಟಿಗಿಂತ ಮುಖ ಬೆಳ್ಳಗಿತ್ತು.

"ಎಂತ ಮಾಡಿದ್ದು ಮಾರಾಯ್ರೆ ನೀವು? ಟ್ರಸ್ಟಿನ ವಿರುದ್ಧ ಹುಡುಗರ ಮೋರ್ಚಾ ಕರೆದಿದ್ದೀರಂತೆ! ಸಹಿ ಬೇರೆ ಹಾಕಿದ್ದೀರಿ!"

"ಸರ್, ಅದು ಅಮೆರಿಕದ ಟ್ರಸ್ಟು."

"ಅಧ್ಯಕ್ಷರಿಗೆ ಅದನ್ನೇ ಹೇಳಿದೆ. 'ಅಮೆರಿಕದ ಟ್ರಸ್ಟಿಗೂ ನಮ್ಮ ಮಾಸ್ತರಿಗೂ ಏನ್ ಜಗಳ?' ಅಂತ ಕೇಳಿದರು. ಶುಕ್ರವಾರ ಅವರೇ ಕ್ಲಾಸಿಗೆ ಬಂದು ಕೂರ್ತಾರಂತೆ. ಕೇಳಿಸಿಕೊಂಡು ಆಮೇಲೆ ನಿಮ್ಮ ಕಾಯಂ ವಿಷಯ."

ಆ ಮಧ್ಯಾಹ್ನ ನಾವಿಬ್ಬರೂ ಸೇರಿ ಒಂದು ಪದವನ್ನು ಹುಡುಕಿದೆವು. ಪಾಠವನ್ನು ಬಿಡುವಂತಿಲ್ಲ, ಪರೀಕ್ಷೆಯಿದೆ. ಆದರೆ ಟ್ರಸ್ಟ್ ಎನ್ನದೆ ಟ್ರಸ್ಟನ್ನು ಬೈಯಬೇಕು.

"ಅಸೋಸಿಯೇಶನ್ ಅನ್ನಲೇ?" ಎಂದೆ.

"ಬೇಡ. ಮಾಟುಂಗದ ಕಡೆಯ ಅಸೋಸಿಯೇಶನ್ನುಗಳಲ್ಲಿ ಅರ್ಧದಷ್ಟಕ್ಕೆ ಅಂಗಡಿಯವರೇ ಅಧ್ಯಕ್ಷರು."

"ಸಂಘ?"

"ಇನ್ನರ್ಧಕ್ಕೆ ಅವರ ತಮ್ಮ."

"ಮಂಡಳಿ?"

"ಆಡಳಿತ ಮಂಡಳಿ ಉಂಟಲ್ಲ!"

"ಯೂನಿಯನ್?"

ಶೆಣೈಯವರು ಎದ್ದು ಕಿಟಕಿ ಹಾಕಿದರು. "ಆ ಪದ ಈ ಕೋಣೆಯಲ್ಲಿ ಆಡಬೇಡಿ."

ಕೊನೆಗೆ 'ಕಾಂಬಿನೇಶನ್' ಎಂಬ ನಿರುಪದ್ರವಿ ಪದವನ್ನು ಅವರೇ ಕಂಡುಹಿಡಿದರು. ಅದರ ಅಧ್ಯಕ್ಷರೆಂದು ಯಾರೂ ಇರಲಿಲ್ಲ.

ಶುಕ್ರವಾರ ಬಂತು. ನನ್ನ ಚೀಟಿಯ ಪ್ರಭಾವವೋ ಅಧ್ಯಕ್ಷರು ಬರುತ್ತಾರೆಂಬ ಸುದ್ದಿಯೋ, ತರಗತಿ ಕಿಕ್ಕಿರಿದಿತ್ತು. ಅಂಗಡಿಯವರು ಕೊನೆಯ ಬೆಂಚಿನ ಮೇಲೆ, ಬೆಂಚು ನರಳುವಂತೆ ಕೂತರು. ಅವರ ಪಕ್ಕದಲ್ಲಿ ಪ್ರಿನ್ಸಿಪಾಲರು, ಬಾಗಿಲಿಗೆ ಹತ್ತಿರವಾಗಿ. ಅಧ್ಯಕ್ಷರ ಸಲುವಾಗಿ ಆ ದಿನ ಕನ್ನಡವನ್ನೇ ಹೆಚ್ಚು ಆಡಿದೆ. ಕಾಂಬಿನೇಶನ್ ಹೀಗಾಯಿತು, ಕಾಂಬಿನೇಶನ್ ಹಾಗಾಯಿತು ಎಂದು ಕಾಲು ತಾಸು ದೋಣಿ ಮುಳುಗದಂತೆ ಸಾಗಿಸಿದೆ. ಆಗ ಮುಂದಿನ ಬೆಂಚಿನಿಂದ ಹುಕ್ಕೇರಿ ಎಂಬ ಹುಡುಗ ಎದ್ದ. ಜಾಣ, ಅತಿ ಜಾಣ. ಪಾಠದ ಪ್ರತಿ ಮಾತನ್ನೂ ಬರೆದುಕೊಳ್ಳುವವನು.

"ಸರ್, ನೀವು ಕಾಂಬಿನೇಶನ್ ಅನ್ನಾಕತ್ತೀರಿ. ಬುಕ್ಕಿನಾಗ ಟ್ರಸ್ಟ್ ಅಂತ ಐತಿ. ಅದು ನಮ್ಮ ಕಾಲೇಜಿನ ಟ್ರಸ್ಟ್ ಇದ್ದಂಗೋ, ಬ್ಯಾರೇನೋ?"

ಹಿಂದಿನಿಂದ ದೊಡ್ಡ ದನಿ ಬಂತು. "ಹಾಂ, ಹೇಳ್ರಿ ಮಾಸ್ತರ. ನಾನೂ ಅದನ್ನ ಕೇಳಾಕ ಬಂದೀನಿ."

ಆ ಕ್ಷಣದಲ್ಲಿ ಸುಧಾಳ ಮುಖ, ಮಾವನ ಮುಖ, ನನ್ನ ಚಾಪೆ ಎಲ್ಲವೂ ಕಣ್ಣ ಮುಂದೆ ಬಂದವು. ಬೇರೆ ದಾರಿಯಿಲ್ಲದೆ ನಿಜವನ್ನು ಹೇಳಿದೆ. "ಸಾಹೇಬ್ರ, ಪದ ಒಂದ ರೀ. ಇನ್ನೊಬ್ಬರ ಆಸ್ತಿ ನಂಬಿಕಿ ಮ್ಯಾಲೆ ಕೈಯಾಗ ಇಟ್ಟುಕೊಂಡು, ಅವರ ಸಲುವಾಗಿ ನೋಡಿಕೊಳ್ಳೋದು ಟ್ರಸ್ಟ್. ಅಮೆರಿಕದ ಎಣ್ಣಿ ವ್ಯಾಪಾರದವರು ಈ ಚಲೋ ಪದಾನ ಎತ್ತಿಕೊಂಡು, ಎಲ್ಲಾ ಕಂಪನಿ ಷೇರು ನಾಲ್ಕು ಮಂದಿ ಕೈಗೆ ಕೊಟ್ಟು, ಊರಾಗ ಎದುರಾಳಿನ ಇಲ್ಲದಂಗ ಮಾಡಿದ್ರು. ಹೆಸರು ಧರ್ಮದ್ದು, ಕೆಲಸ ವ್ಯಾಪಾರದ್ದು."

ಪ್ರಿನ್ಸಿಪಾಲರು ಬಾಗಿಲನ್ನು ನೋಡಿದರು.

"ಎದುರಾಳಿನ ಇಲ್ಲದಂಗ?" ಎಂದರು ಅಂಗಡಿಯವರು, ಮುಂದಕ್ಕೆ ಬಾಗಿ. "ಹೆಂಗ ಮಾಡಿದ್ರ?"

ನನಗೆ ಒಂದು ನಿಮಿಷ ಅರ್ಥವಾಗಲಿಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹಸಿವಿತ್ತು.

ಹೇಳಿದೆ. ಎಣ್ಣೆ ದೊರೆ ರೈಲಿನವರ ಜೊತೆ ಗುಟ್ಟಾಗಿ ಮಾತಾಡಿ, ಕಟ್ಟಿದ ಬಾಡಿಗೆಯಲ್ಲಿ ಒಂದು ಪಾಲು ವಾಪಸು ಪಡೆಯುತ್ತಿದ್ದ. ಅಷ್ಟೇ ಅಲ್ಲ, ಎದುರಾಳಿಗಳು ಕಟ್ಟಿದ ಬಾಡಿಗೆಯಲ್ಲೂ ಪಾಲು ಕೇಳಿದ.

"ತಡೀರಿ, ತಡೀರಿ!" ಅಂಗಡಿಯವರು ಎದ್ದೇ ನಿಂತರು. "ಎದುರಂಗಡಿಯವ ರೈಲಿಗೆ ರೊಕ್ಕ ಕಟ್ಟಿದ್ರ, ಅದರಾಗ ಇವಗ ಪಾಲು?"

"ಹೌದ್ರಿ ಸಾಹೇಬ್ರ."

"ಅಂವಾ ಕಟ್ಟಿದ್ದು, ಇಂವಾ ತಿಂದಿದ್ದು?"

"ಹೌದ್ರಿ."

"ಎಲಾ ಇವನ!" ಎಂದರು. ದೊಡ್ಡ ಗವಾಯಿಯ ತಾನ ಕೇಳಿದವರ ಹಾಗೆ ತಲೆ ತೂಗಿದರು. "ಭಾಳ ಶಾಣ್ಯಾ ಮನಶಾ! ಆಮ್ಯಾಗ?"

ಆಮೇಲೆ ನಡೆದದ್ದು ಪಾಠವಲ್ಲ, ಹರಿಕಥೆ. ದೊರೆ ಒಂದೂರಲ್ಲಿ ಬೆಲೆ ಇಳಿಸಿ ಸಣ್ಣವರನ್ನು ಮುಳುಗಿಸಿದ, ಆಮೇಲೆ ಏರಿಸಿದ ಎಂದರೆ ಅಂಗಡಿಯವರು ತೊಡೆ ತಟ್ಟುವರು. ಸರ್ಕಾರ ಕೊನೆಗೆ ಟ್ರಸ್ಟ್ ಮುರಿಯುವ ಕಾಯ್ದೆ ತಂದಿತು ಎಂದಾಗ ಮಾತ್ರ ಮುಖ ಗಂಟಿಕ್ಕಿತು.

"ಇದು ಅನ್ಯಾಯ. ವ್ಯಾಪಾರದಾಗ ಸರಕಾರ ಯಾಕ ಬಾಯಿ ಹಾಕಬೇಕು?"

"ಆದ್ರ ಸಾಹೇಬ್ರ, ಮೊದಲ ಕೆಲವು ವರ್ಷ ಆ ಕಾಯ್ದೆ ದೊಡ್ಡ ಕಂಪನಿಗಳ ಕೂದಲೂ ಕೊಂಕಸಲಿಲ್ಲ. ಕೋರ್ಟಿನವರು ಅದನ್ನ ಕಾರ್ಮಿಕರ ಯೂನಿಯನ್ ಮ್ಯಾಲೆ ಹಚ್ಚಿದ್ರು."

"ಹಂಗೇನು?" ಅಂಗಡಿಯವರ ಮುಖ ಬಿಚ್ಚಿತು. "ಹಂಗಾರ ಕಾಯ್ದೆ ಚಲೋನ ಐತಿ, ಬಿಡ್ರಿ."

ಮಿಲ್ಲಿನ ಚಾಳುಗಳಿಂದ ಬಂದಿದ್ದ ಹುಡುಗರು ಹೋ ಎಂದು ನಕ್ಕರು. ಅಂಗಡಿಯವರೂ ನಕ್ಕರು. ಇಬ್ಬರೂ ನಕ್ಕದ್ದು ಒಂದೇ ಮಾತಿಗೆ, ಬೇರೆ ಬೇರೆ ಕಾರಣಕ್ಕೆ. ಆ ಕಾಯ್ದೆಯನ್ನು ಅಷ್ಟು ಚೆನ್ನಾಗಿ ವಿವರಿಸುವ ವಾಕ್ಯ ನನಗೆ ಮುಂದೆಂದೂ ಹೊಳೆಯಲಿಲ್ಲ.

ಗಂಟೆ ಹೊಡೆಯಿತು. ನನ್ನನ್ನೂ ಶೆಣೈಯವರನ್ನೂ ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋಗಿ ಅಂಗಡಿಯವರು ತಾವೇ ಬಾಗಿಲು ಹಾಕಿದರು. ನಗು ಮಾಯವಾಗಿತ್ತು.

"ಮಾಸ್ತರ, ಪಾಠ ಚಲೋ ಹೇಳ್ತೀರಿ. ಆದ್ರ ಒಂದು ಮಾತು. ಮುಂದ ಕುಂತು ಬರಕೊಳ್ಳಾಕ ಹತ್ತಿದ್ದನಲ್ಲ, ಆ ಹುಡುಗ ಯಾರು?"

"ಹುಕ್ಕೇರಿ ಅಂತ ರೀ."

"ನಮ್ಮ ಎದುರಂಗಡಿ ಹುಕ್ಕೇರಿ ಮಗಾ?"

ಹೌದೆಂದು ನಾನು ಒಪ್ಪಿಕೊಳ್ಳಬೇಕಾಯಿತು. ಅಂಗಡಿಯವರು ಕುರ್ಚಿಗೆ ಕುಸಿದರು. "ಇಂಥಾ ವಿದ್ಯಾ ಎಲ್ಲಾ ಅವನ ಮಗಗ ಹೇಳಿಕೊಡಾಕ ನಾ ಕಾಲೇಜ್ ಕಟ್ಟಿಸೀನೇನ್ರಿ? ಅವಗ ಹಾಜರಿ ಹಾಕ್ರಿ. ಪಾಠ ಹೇಳಬ್ಯಾಡ್ರಿ."

"ಒಂದೇ ಕ್ಲಾಸಿನಲ್ಲಿ ಒಬ್ಬನಿಗೆ ಮಾತ್ರ ಹೇಳದೆ ಇರುವುದು ಹೇಗೆ..." ಎಂದು ಶೆಣೈಯವರು ತೊದಲಿದರು.

"ಹಂಗಾರ ಈ ವಿಷಯನ ತಗದು ಬಿಡ್ರಿ. ಅಮೆರಿಕಾ ಬ್ಯಾಡ."

ವಿಷಯ ಹೋದರೆ ನಾನೂ ಹೋದಂತೆ. ಆಗ ನನ್ನ ಬಾಯಿಂದ, ಯೋಚಿಸದೆ, ಈ ವೃತ್ತಿಯ ಪರಮ ರಹಸ್ಯ ಹೊರಬಿತ್ತು.

"ಸಾಹೇಬ್ರ, ನೀವೇನೂ ಕಾಳಜಿ ಮಾಡಬ್ಯಾಡ್ರಿ. ಪರೀಕ್ಷಾ ಮುಗಿದ ಮರುದಿನ ಒಬ್ಬ ಹುಡುಗಗೂ ಏನೂ ನೆನಪಿರೋದಿಲ್ಲ."

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ಪ್ರಿನ್ಸಿಪಾಲರನ್ನು. "ಖರೇನೇನ್ರಿ ಶೆಣೈ?"

ಶೆಣೈಯವರು ಎದೆಯ ಮೇಲೆ ಕೈಯಿಟ್ಟರು. "ನೂರಕ್ಕೆ ನೂರು, ಅಧ್ಯಕ್ಷರೇ. ನನ್ನ ಇಡೀ ಸರ್ವಿಸಿನಲ್ಲಿ ಒಬ್ಬನಿಗೂ ನೆನಪು ಉಳಿದದ್ದಿಲ್ಲ."

"ಶಾಣ್ಯಾ ಹುಡುಗಗೂ?"

"ಶಾಣ್ಯಾ ಹುಡುಗಗ ಇನ್ನೂ ಲಗೂ ಮರೀತದ ರೀ" ಎಂದೆ.

ಅಂಗಡಿಯವರು ನಿಟ್ಟುಸಿರು ಬಿಟ್ಟು ಟೋಪಿ ಸರಿಪಡಿಸಿಕೊಂಡರು. "ಹಂಗಾರ ಇವರನ್ನ ಕಾಯಂ ಮಾಡ್ರಿ" ಎಂದರು. ಸಭೆ ಸೇರಿದಾಗ ಅದೇ ಮಾತು ಇಂಗ್ಲಿಷಿನಲ್ಲಿ ದಾಖಲಾಯಿತು.

ಮುಂದಿನ ವರ್ಷಗಳಲ್ಲಿ ವಿಧಾನಗಳು ಬದಲಾದವು. ಸೈಕ್ಲೋಸ್ಟೈಲ್ ಮಾಡಿದ ನೋಟ್ಸು ಬಂತು, ಹಳದಿ ರಟ್ಟಿನ ಗೈಡು ಬಂತು, ಹುಡುಗರು ಪೂಲನ್ನು ಸೇತುವೆ ಎಂದು ಬರೆಯುವುದನ್ನು ನಿಲ್ಲಿಸಿದರು. ಎಲ್ಲರ ಉತ್ತರವೂ ಸರಿಯಾಗಿ, ಒಂದೇ ಥರವಾಗಿ ಬರತೊಡಗಿತು. ಮೌಲ್ಯಮಾಪನ ಬೇಸರದ ಕೆಲಸವಾದದ್ದು ಆಗಿನಿಂದ.

ನಾನು ಕಾಯಂ ಆದ ಬೇಸಿಗೆಯಲ್ಲೇ ಮಾವ ತೀರ್ಪಿನಂತೆ ನಡೆದುಕೊಂಡರು. ಮಗಳನ್ನು ತಾವೇ ಕರೆದುಕೊಂಡು ವಿ.ಟಿ. ಸ್ಟೇಶನ್ನಿನಲ್ಲಿ ಇಳಿದರು. ಅಲ್ಲಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿಯಬೇಕು. ಜನಜಂಗುಳಿ ಕಂಡು ಸುಧಾಳನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, ನಾನೂ ಮಾವನೂ ಪಕ್ಕದ ಡಬ್ಬಿ ಹತ್ತಿದೆವು. ಎಷ್ಟೋ ಕಾಲ ಅಗಲಿದ್ದು ಈಗಷ್ಟೇ ಕೂಡಿದ ದಂಪತಿಗಳು ಮತ್ತೆ ಅಗಲಿದರು. ಪ್ರತಿ ಸ್ಟೇಶನ್ನಿನಲ್ಲೂ ನಾನು ಜಿಗಿದು ಓಡಿ ಅವಳ ಕಿಟಕಿಗೆ ಹೋಗುವುದು, "ಇದ ಏನ್ರಿ?" ಎಂದು ಅವಳು ಕೇಳುವುದು, "ಅಲ್ಲ, ಇನ್ನೂ ಮುಂದದ" ಎಂದು ನಾನು ಓಡಿ ಬರುವುದು. ಡಾಕ್‌ಯಾರ್ಡ್ ರೋಡ್ ಬರುವಷ್ಟರಲ್ಲಿ ಆ ಡಬ್ಬಿಯ ಮೀನು ಮಾರುವ ಹೆಂಗಸರಿಗೆಲ್ಲ ವಿಷಯ ಗೊತ್ತಾಗಿತ್ತು. ಶಿವಡಿಯಲ್ಲಿ ನಾನು ಓಡಿಬರುವುದನ್ನು ಕಂಡು ಅವರೇ ಕಿಟಕಿಯಿಂದ ಕೈ ಬೀಸಿ, ಇದಲ್ಲ, ಹೋಗಿ ಹೋಗಿ ಎಂದು ಮರಾಠಿಯಲ್ಲಿ ಅಟ್ಟಿದರು.

ವಡಾಲ ಬಂತು. ನಾನು ಇಳಿದು ತಲುಪುವ ಮೊದಲೇ ಒಬ್ಬಳು ಟ್ರಂಕನ್ನು ಪ್ಲಾಟ್‌ಫಾರ್ಮಿಗೆ ದಬ್ಬಿ, ಇನ್ನೊಬ್ಬಳು ಸುಧಾಳ ಕೈಹಿಡಿದು ಇಳಿಸಿ, "ಉತರಾ ವಹಿನಿ, ಆಲಾ ತುಮಚಾ ನವರಾ!" ಎಂದು, ಇಳಿಯಿರಿ ಅತ್ತಿಗೆ, ಬಂದ ನಿಮ್ಮ ಗಂಡ ಎಂದು, ಕೂಗಿದಳು. ಗಾಡಿ ಹೊರಟಿತು, ಡಬ್ಬಿಯ ತುಂಬ ನಗು. ಸುಧಾ ಟ್ರಂಕಿನ ಪಕ್ಕ ನಿಂತು ನನ್ನನ್ನು ನೋಡಿದಳು. ಬೆವರಿನಲ್ಲಿ ತೊಯ್ದು ಏದುಸಿರು ಬಿಡುತ್ತಿದ್ದೆ.

"ಕಾಯಂ ಆದವರು ಹಿಂಗೇನ ಓಡ್ತಾರೇನ್ರಿ?" ಎಂದಳು.

ಮಾವ ಹಿಂದಿನಿಂದ ಬಂದು, ಟ್ರಂಕಿನ ಒಂದು ಹಿಡಿಯನ್ನು ತಾವು ಹಿಡಿದು, ಇನ್ನೊಂದನ್ನು ನನಗೆ ತೋರಿಸಿದರು.